ಕಿರುಬೆರಳು ಜೋಮು ಹಿಡಿಯುತ್ತಿದೆ: ಮೌಸ್ ಕಾರಣವಾ, ನಮ್ಮ ಅಭ್ಯಾಸಗಳಾ?

ಕೋರಮಂಗಲ ಬಾಡಿಗೆದಾರ
ಎಲ್ಲರಿಗೂ ನಮಸ್ಕಾರ. ವಯಸ್ಸು 34. ಟೆಸ್ಟಿಂಗ್ ಕೆಲಸ, ಬಹಳಷ್ಟು ಮನೆಯಿಂದಲೇ. ಕೆಲವು ತಿಂಗಳಿಂದ ಎಡಗೈ ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತಿವೆ. ಬೆಳಿಗ್ಗೆ ಏಳುವಾಗ ಜಾಸ್ತಿ. ಮೊದಮೊದಲು ಕೈ ಕೊಡವಿದರೆ ಹೋಗುತ್ತಿತ್ತು. ಈಗ ಫೋನ್‌ನಲ್ಲಿ ಸ್ವಲ್ಪ ಹೊತ್ತು ಮಾತಾಡಿದರೂ ಬರುತ್ತದೆ.

ಆಫೀಸಿನವರೆಲ್ಲ "ಮೌಸ್ ಬದಲಿಸು" ಅಂತಾರೆ. ಆದರೆ ನಾನು ಮೌಸ್ ಹಿಡಿಯುವುದು ಬಲಗೈಯಲ್ಲಿ! ಅಮ್ಮ ನರ ದೌರ್ಬಲ್ಯ ಅಂತ ತೀರ್ಮಾನ ಮಾಡಿ ರಾತ್ರಿ ಬಾದಾಮಿ ನೆನೆಸಿಡುತ್ತಿದ್ದಾರೆ. ಕೆಳಗಿನ ಮನೆ ಅಂಕಲ್ ಬಿ ಕಾಂಪ್ಲೆಕ್ಸ್ ಸ್ಟ್ರಿಪ್ ಕೊಟ್ಟು ಹೋದರು. ಶುಗರ್ ಇಲ್ಲ ಅಂದುಕೊಂಡಿದ್ದೇನೆ, ಟೆಸ್ಟ್ ಮಾಡಿಸಿ ತುಂಬಾ ದಿನವಾಯಿತು. ಸಿಗರೇಟು ಇದೆ. ತೂಕ 58 ಕೆಜಿ, ಜಿಮ್ ಇಲ್ಲ.

ಯಾರಿಗಾದರೂ ಹೀಗೆ ಆಗಿದೆಯಾ? ಯಾವ ಅಭ್ಯಾಸ ಬಿಟ್ಟರೆ ಲಾಭ?

ಹುಬ್ಬಳ್ಳಿ ಬುಲೆಟ್
ಗುರು, ಎಡಗೈ ಅಂದ ತಕ್ಷಣ ಹಾರ್ಟ್ ಚೆಕ್ ಮಾಡಿಸು ಅಂತ ನಮ್ಮ ಮಾವ ಹೇಳ್ತಾರೆ. ಸುಮ್ನೆ ಹೇಳಿದೆ, ಹೆದರಬೇಡ.

ಫಿಸಿಯೋ ಧಾರವಾಡ
ಬುಲೆಟ್ ಅವರೇ, ಮಾವನ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಎದೆ ಹಿಂಡುವುದು, ಬೆವರು, ಉಸಿರು ಸಿಕ್ಕುವುದು, ಇವುಗಳ ಜೊತೆ ಎಡಗೈ ನೋವು ಬಂದರೆ ಆಸ್ಪತ್ರೆಗೆ ಓಡಬೇಕು. ಇದ್ದಕ್ಕಿದ್ದ ಹಾಗೆ ಕೈ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೂ ಅಷ್ಟೆ. ಆದರೆ ಎರಡೇ ಬೆರಳು, ಅದೂ ತಿಂಗಳುಗಟ್ಟಲೆ, ಅದೂ ಮಲಗಿ ಎದ್ದಾಗ: ಇದು ಬೇರೆ ಕಥೆ.

ಬಾಡಿಗೆದಾರರೇ, ಯಾವ ಬೆರಳು ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ, ಇಷ್ಟು ಮೀಡಿಯನ್ ನರದ ಪಾಲು. ಉಂಗುರ ಬೆರಳಿನ ಇನ್ನರ್ಧ ಮತ್ತು ಕಿರುಬೆರಳು ಅಲ್ನಾರ್ ನರದ ಪಾಲು. ಪೆನ್ನಿನ ಮುಚ್ಚಳದಿಂದ ಉಂಗುರ ಬೆರಳಿನ ಎರಡೂ ಬದಿ ಮೆಲ್ಲಗೆ ಸವರಿ ನೋಡಿ. ಕಿರುಬೆರಳಿನ ಕಡೆ ಮಂಕಾಗಿ, ನಡುಬೆರಳಿನ ಕಡೆ ಸರಿಯಾಗಿ ತಿಳಿದರೆ ಅಲ್ನಾರ್ ನರದ ಮೇಲೆ ಅನುಮಾನ ಪಡಬಹುದು.

ಆಮೇಲೆ ಮುಂಗೈಯ (ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ) ಒಳಬದಿ, ಅಂದರೆ ಕಿರುಬೆರಳಿನ ಕಡೆ, ಸವರಿ. ಮಂಕುತನ ಮಣಿಕಟ್ಟಿನ ಹತ್ತಿರವೇ ನಿಂತರೆ ತೊಂದರೆ ಹೆಚ್ಚಾಗಿ ಮೊಣಕೈಯಲ್ಲಿ. ಮುಂಗೈಗೂ ಏರಿದ್ದರೆ ಕುತ್ತಿಗೆಯಿಂದ ಬರುವ ನರದ ಬೇರನ್ನು ನೋಡಬೇಕು.

ಮೊಣಕೈ ಯಾವುದಕ್ಕಾದರೂ ತಾಗಿದಾಗ ಕಿರುಬೆರಳಿನವರೆಗೆ ಕರೆಂಟ್ ಹೊಡೆಯುತ್ತದಲ್ಲ, ಆ ಜಾಗ ಎಲ್ಲರಿಗೂ ಗೊತ್ತು. ಅಲ್ಲಿ ಅಲ್ನಾರ್ ನರ ಮೂಳೆಗೆ ಅಂಟಿಕೊಂಡು ಚರ್ಮದ ಕೆಳಗೇ ಹೋಗುತ್ತದೆ. ಮೇಲೆ ಮಾಂಸಖಂಡದ ರಕ್ಷಣೆ ಇಲ್ಲ. ಕೈ ಮಡಚಿದರೆ ನರ ಎಳೆಯುತ್ತದೆ, ಅದು ಹಾದುಹೋಗುವ ಸುರಂಗವೂ ಕಿರಿದಾಗುತ್ತದೆ. ಹೆಚ್ಚು ಹೊತ್ತು ಮಡಚಿಟ್ಟರೆ ನರಕ್ಕೆ ರಕ್ತ ಸಾಲುವುದಿಲ್ಲ, ಜೋಮು ಶುರು.

ಈಗ ಹೇಳಿ. ಹೇಗೆ ಮಲಗುತ್ತೀರಿ? ಫೋನ್ ಯಾವ ಕೈಯಲ್ಲಿ? ಮೀಟಿಂಗ್‌ನಲ್ಲಿ ಎಡ ಮೊಣಕೈ ಎಲ್ಲಿರುತ್ತದೆ?

ಕೋರಮಂಗಲ ಬಾಡಿಗೆದಾರ
ಅಯ್ಯೋ, ಸಿಸಿಟಿವಿ ಏನಾದರೂ ಹಾಕಿದ್ದೀರಾ ಸರ್? ಎಡಮಗ್ಗುಲಲ್ಲಿ, ಕೈ ಮಡಚಿ ದಿಂಬಿನ ಕೆಳಗೆ ಇಟ್ಟು ಮಲಗುವುದು. ಅದಕ್ಕೂ ಮೊದಲು ಅದೇ ಕೈಯಲ್ಲಿ ಫೋನ್ ಹಿಡಿದು ವಿಡಿಯೋ ನೋಡುವುದು. ಮೀಟಿಂಗ್ ಇದ್ದರೆ ಎಡ ಮೊಣಕೈ ಮೇಜಿನ ಅಂಚಿಗೆ ಊರಿ, ಕೆನ್ನೆಗೆ ಕೈ. ನಮ್ಮ ಮೇಜು ಮಾಲೀಕರು ಬಿಟ್ಟುಹೋದ ಡೈನಿಂಗ್ ಟೇಬಲ್, ಮೇಲೆ ಗಾಜು, ಅಂಚು ಚೂಪು. ಪೆನ್ನಿನ ಮುಚ್ಚಳದ ಪರೀಕ್ಷೆ ಮಾಡಿದೆ. ಉಂಗುರ ಬೆರಳು ನಿಜವಾಗಿಯೂ ಅರ್ಧ ಅರ್ಧ! ಮುಂಗೈ ಸರಿ ಇದೆ.

ಫಿಸಿಯೋ ಧಾರವಾಡ
ಅಲ್ಲಿಗೆ ಮೌಸ್ ಬಚಾವ್ 😀

ಮಲಗುವಾಗ ಕೈ ಪೂರ್ತಿ ಮಡಚದಂತೆ ಮಾಡುವುದು ಮೊದಲ ಕೆಲಸ. ಟವೆಲ್ ಉದ್ದಕ್ಕೆ ಮಡಚಿ ಮೊಣಕೈ ಸುತ್ತ ಸಡಿಲವಾಗಿ ಸುತ್ತಿ, ದಪ್ಪ ಭಾಗ ಮೊಣಕೈಯ ಒಳಮಡಿಕೆಯಲ್ಲಿ ಇರಲಿ. ಬಿಗಿಯಾಗಿ ಕಟ್ಟಬೇಡಿ, ಅದೇ ಇನ್ನೊಂದು ಒತ್ತಡ ಆಗುತ್ತದೆ. ಕೈ ಕೋಲಿನಂತೆ ನೆಟ್ಟಗೆ ಇರಬೇಕಾಗಿಲ್ಲ, ಸ್ವಲ್ಪ ಬಾಗಿದ್ದರೆ ಸಾಕು. ಫೋನ್ ಮಾತಿಗೆ ಇಯರ್‌ಫೋನ್. ಮೇಜಿನ ಅಂಚಿಗೆ ಮೊಣಕೈ ಊರುವುದು ಇವತ್ತೇ ಬಂದ್.

ಸಣ್ಣಗಿರುವವರಿಗೆ ಮೊಣಕೈ ಹತ್ತಿರ ಕೊಬ್ಬಿನ ಪದರ ಕಡಿಮೆ. ಊರಿಕೊಂಡರೆ ಒತ್ತಡ ನೇರ ನರದ ಮೇಲೆ. ತೂಕ ಜಾಸ್ತಿ ಇದ್ದವರಿಗೆ ಮಾತ್ರ ನರದ ತೊಂದರೆ ಅಂದುಕೊಳ್ಳಬೇಡಿ. ತೂಕ ಹೆಚ್ಚಾದರೆ ಅಪಾಯ ಹೆಚ್ಚು ಅನ್ನುವುದು ಮಣಿಕಟ್ಟಿನ ತೊಂದರೆಗೆ ಸರಿ. ಮೊಣಕೈಗೆ ಹಾಗಲ್ಲ.

ಟೈಲರ್ ದಾವಣಗೆರೆ
ನನ್ನದು ಉಲ್ಟಾ ಸರ್. ಬಲಗೈ ಹೆಬ್ಬೆರಳಿಂದ ನಡುಬೆರಳವರೆಗೆ. ರಾತ್ರಿ ಎರಡು ಮೂರು ಗಂಟೆಗೆ ಎಚ್ಚರ ಆಗುತ್ತದೆ, ಕೈ ಊದಿದ ಹಾಗೆ ಅನ್ನಿಸುತ್ತದೆ, ನೋಡಿದರೆ ಊತ ಇಲ್ಲ. ಮಂಚದಿಂದ ಕೆಳಗೆ ಇಳಿಬಿಟ್ಟು ಕೊಡವಬೇಕು. ದಸರಾ, ದೀಪಾವಳಿ, ಮದುವೆ ಸೀಸನ್‌ನಲ್ಲಿ ದಿನವಿಡೀ ದೊಡ್ಡ ಕತ್ತರಿ. ಸೂಜಿಗೆ ದಾರ ಪೋಣಿಸುವುದು ಈಗ ಹುಡುಗನ ಕೈಲಿ ಮಾಡಿಸುತ್ತೇನೆ. ಕಣ್ಣು ಸರಿ ಇದೆ, ಬೆರಳಿಗೆ ದಾರ ತಿಳಿಯುವುದಿಲ್ಲ. ವಯಸ್ಸು 51, ಶುಗರ್ ಇದೆ, ಹೊಟ್ಟೆಯೂ ಇದೆ.

ಫಿಸಿಯೋ ಧಾರವಾಡ
ಟೈಲರ್ ಸಾಹೇಬರೇ, ನಿಮ್ಮದು ಪುಸ್ತಕದಲ್ಲಿ ಬರೆದಂತೆ ಕಾರ್ಪಲ್ ಟನಲ್ ಲಕ್ಷಣ. ಮಣಿಕಟ್ಟಿನಲ್ಲಿ ಮೂಳೆ ಮತ್ತು ದಪ್ಪ ಪಟ್ಟಿಯ ನಡುವೆ ಒಂದು ಸುರಂಗ ಇದೆ. ಅದರೊಳಗೆ 9 ಸ್ನಾಯುರಜ್ಜು, ಜೊತೆಗೆ ಒಂದೇ ಒಂದು ನರ. ಬೆಳಿಗ್ಗೆ ಒಂಬತ್ತು ಗಂಟೆಯ ಬಿಎಂಟಿಸಿ ಬಸ್ ನೆನೆಸಿಕೊಳ್ಳಿ. ಒಬ್ಬರು ಸ್ವಲ್ಪ ಊದಿದರೂ ನಡುವೆ ಸಿಕ್ಕವರ ಉಸಿರು ಕಟ್ಟುತ್ತದೆ. ಅಲ್ಲಿ ಸಿಕ್ಕಿಕೊಳ್ಳುವುದು ಮೀಡಿಯನ್ ನರ. ಮಲಗಿದಾಗ ಮಣಿಕಟ್ಟು ಗೊತ್ತಿಲ್ಲದೆ ಮಡಚಿಕೊಳ್ಳುತ್ತದೆ, ಅದಕ್ಕೇ ರಾತ್ರಿ ಕಾಟ.

ಮನೆಯಲ್ಲೇ ಒಂದು ಪರೀಕ್ಷೆ: ಎರಡೂ ಕೈಗಳ ಹಿಂಭಾಗ ಒಂದಕ್ಕೊಂದು ತಾಗಿಸಿ, ಬೆರಳು ಕೆಳಗೆ ಮಾಡಿ, ಮಣಿಕಟ್ಟು ಮಡಚಿ 60 ಸೆಕೆಂಡ್ ಹಿಡಿಯಿರಿ. ಅದೇ ಬೆರಳುಗಳಲ್ಲಿ ಜೋಮು ಬಂದರೆ ಡಾಕ್ಟರಿಗೆ ಹೇಳಿ. ಬರಲಿಲ್ಲ ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂತಲ್ಲ.

ನಿಮ್ಮಲ್ಲಿ ಮೂರು ಕಾರಣ ಒಟ್ಟಿಗೆ ಸೇರಿವೆ. ಒತ್ತಿ ಹಿಡಿದು ಮತ್ತೆ ಮತ್ತೆ ಮಾಡುವ ಕೆಲಸ, ಶುಗರ್, ತೂಕ. ಕೆಲಸ ಬಿಡಿ ಅಂತ ಹೇಳುವ ಹಾಗಿಲ್ಲ. ಉಳಿದ ಎರಡು ನಿಮ್ಮ ಕೈಯಲ್ಲಿವೆ. ರಾತ್ರಿ ಮಣಿಕಟ್ಟು ನೇರವಾಗಿ ಇಡುವ ಸ್ಪ್ಲಿಂಟ್ ಹಾಕಿ ಮಲಗಿ, ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಮೇಲಕ್ಕೆ ಬಾಗಿಸಿ ಇಡುವಂಥದ್ದು ಬೇಡ, ನೇರ ಇರಲಿ. ಆದರೆ ದಾರ ತಿಳಿಯುತ್ತಿಲ್ಲ ಅಂದಿರಲ್ಲ, ಅದು ನನಗೆ ಇಷ್ಟವಾಗಲಿಲ್ಲ. ಸ್ಪ್ಲಿಂಟ್ ನೆಚ್ಚಿಕೊಂಡು ಕೂರದೆ ಡಾಕ್ಟರನ್ನು ನೋಡಿ.

ಜಾವಾ ಜಂಗಮ
ಹಾಗಾದರೆ ಕೀಬೋರ್ಡ್, ಮೌಸ್‌ನಿಂದ ಕಾರ್ಪಲ್ ಟನಲ್ ಬರುತ್ತದೆ ಅನ್ನುವುದು ಸುಳ್ಳಾ? ನಮ್ಮ ಕಂಪನಿಯಲ್ಲಿ ಅದರ ಮೇಲೆ ಅರ್ಧ ದಿನದ ಟ್ರೈನಿಂಗ್ ಕೊಟ್ಟಿದ್ದರು.

ಮೆಡಿಸಿನ್ ಪಿಜಿ
ಜಿಲ್ಲಾಸ್ಪತ್ರೆಯಲ್ಲಿ ಓದುತ್ತಾ ದುಡಿಯುತ್ತಿರುವ ಕಿರಿಯ ಡಾಕ್ಟರ್ ನಾನು. ರಾತ್ರಿ ಪಾಳಿ ಮುಗಿಸಿ ಓದಿದೆ, ಬರೆಯದೆ ಇರಲಾಗಲಿಲ್ಲ.

ಕಂಪ್ಯೂಟರ್‌ಗೆ ಸಿಕ್ಕಿರುವ ಕೆಟ್ಟ ಹೆಸರು ಅದು ಮಾಡಿದ ತಪ್ಪಿಗಿಂತ ದೊಡ್ಡದು. ಅಮೆರಿಕದ ಮೇಯೋ ಕ್ಲಿನಿಕ್‌ನವರು ದಿನವಿಡೀ ಕಂಪ್ಯೂಟರ್ ಬಳಸುವ ತಮ್ಮದೇ ನೌಕರರನ್ನು ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರ್ಪಲ್ ಟನಲ್ ಅವರಲ್ಲಿ ಸಾಮಾನ್ಯ ಜನರಲ್ಲಿ ಇರುವಷ್ಟೇ ಇತ್ತು. ದಿನಕ್ಕೆ ಗಂಟೆಗಟ್ಟಲೆ ಮೌಸ್ ಹಿಡಿಯುವವರಲ್ಲಿ ಸ್ವಲ್ಪ ಜಾಸ್ತಿ ಕಾಣಿಸಿದ ಅಧ್ಯಯನಗಳೂ ಇವೆ. ಆದರೆ ಬಲ ಹಾಕಿ ಹಿಡಿಯುವ ಕೆಲಸ ಮತ್ತು ನಡುಗುವ ಯಂತ್ರ ಇವುಗಳ ಮುಂದೆ ಕೀಬೋರ್ಡ್ ಏನೂ ಅಲ್ಲ.

ಜನ ಕೇಳದೇ ಬಿಡುವ ಕಾರಣಗಳೇ ನಿಜವಾದ ಕಾರಣಗಳು. ಶುಗರ್, ಥೈರಾಯ್ಡ್ ಕಡಿಮೆ ಇರುವುದು, ತೂಕ, ಗರ್ಭಿಣಿ ಇರುವಾಗ ಮೈಯಲ್ಲಿ ನೀರು ತುಂಬುವುದು, ಕೀಲುವಾತ. ಹೆಂಗಸರಲ್ಲಿ ಕಾರ್ಪಲ್ ಟನಲ್ ಗಂಡಸರಿಗಿಂತ ಜಾಸ್ತಿ. ನಮ್ಮ ಒಪಿಡಿಗೆ ಬರುವವರಲ್ಲಿ ಲ್ಯಾಪ್‌ಟಾಪ್ ಇರುವವರು ಬಹಳ ಕಡಿಮೆ. ಬಟ್ಟೆ ಹಿಂಡುವವರು, ರೊಟ್ಟಿ ತಟ್ಟುವವರು, ಗಾರೆ ಕೆಲಸದವರೇ ಹೆಚ್ಚು.

ಬಾಡಿಗೆದಾರ ಅಣ್ಣ, ನಿಮ್ಮ ಸಿಗರೇಟಿನ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಮಾತಾಡುತ್ತೇನೆ. ನರಕ್ಕೂ ಊಟ ಬೇಕು, ಅದು ಕೂದಲೆಳೆಯಂಥ ರಕ್ತನಾಳಗಳಿಂದ ಬರುತ್ತದೆ. ನಿಕೋಟಿನ್ ಅವನ್ನು ಬಿಗಿ ಮಾಡುತ್ತದೆ. ಮೊಣಕೈಯಲ್ಲಿ ಅಲ್ನಾರ್ ನರ ಒತ್ತಿಹೋದವರಲ್ಲಿ ಸಿಗರೇಟು ಸೇದುವವರು ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಬಂದಿದೆ. ಆಪರೇಷನ್ ಆದ ಮೇಲೂ ಸೇದುವವರಿಗೆ ಗಾಯ ಮಾಯುವುದು ನಿಧಾನ.

ಇನ್ನೊಂದು, ಅಪರೂಪದ ವಿಷಯ. ಶ್ವಾಸಕೋಶದ ತುತ್ತತುದಿಯಲ್ಲಿ ಗೆಡ್ಡೆ ಬೆಳೆದರೆ ಅದು ಕೈಗೆ ಬರುವ ನರಗಳ ಗುಂಪನ್ನು ಕೆಳಗಿನಿಂದ ಒತ್ತುತ್ತದೆ. ಭುಜದಲ್ಲಿ ಬಿಡದ ನೋವು, ಕಿರುಬೆರಳಿನ ಕಡೆ ಜೋಮು, ಕೆಲವರಿಗೆ ಆ ಕಡೆಯ ಕಣ್ಣಿನ ರೆಪ್ಪೆ ಜೋಲುವುದು. ವರ್ಷಾನುಗಟ್ಟಲೆ ಸೇದಿದವರು ಕುತ್ತಿಗೆ ಸವೆತ ಅಂತ ಬೆಲ್ಟ್ ಹಾಕಿಕೊಂಡು ತಿರುಗುತ್ತಿರುತ್ತಾರೆ. ಒಂದು ಎದೆ ಎಕ್ಸ್‌ರೇ ತೆಗೆಸಿರುವುದಿಲ್ಲ. ನಿಮಗೆ ಹೀಗೇ ಇದೆ ಅಂತ ಹೇಳುತ್ತಿಲ್ಲ, ನಿಮ್ಮ ಲಕ್ಷಣ ಮೊಣಕೈಯನ್ನೇ ತೋರಿಸುತ್ತಿದೆ. ಸೇದುವ ಬೇರೆಯವರೂ ಓದುತ್ತಿರಬಹುದು, ಅದಕ್ಕೆ ಬರೆದೆ.

ಕೋರಮಂಗಲ ಬಾಡಿಗೆದಾರ
ಡಾಕ್ಟ್ರೇ, ದಿನಕ್ಕೆ ನಾಲ್ಕೈದು ಮಾತ್ರ...

ಮೆಡಿಸಿನ್ ಪಿಜಿ
ಒಪಿಡಿಯಲ್ಲಿ ಎಲ್ಲರೂ ನಾಲ್ಕೈದೇ ಅಣ್ಣ.

ಹುಬ್ಬಳ್ಳಿ ಬುಲೆಟ್
😂😂 ಸಿಕ್ಕಿಬಿದ್ದ.

ನನ್ನ ಪ್ರಶ್ನೆ. ಗೋವಾ ಕಡೆ ಲಾಂಗ್ ರೈಡ್ ಹೋಗಿ ಬಂದರೆ ಎರಡೂ ಕೈ ಜುಮ್ ಅನ್ನುತ್ತವೆ. ರಾತ್ರಿಯೊಳಗೆ ಸರಿಹೋಗುತ್ತದೆ. ನಮ್ಮ ದೋಸ್ತನೊಬ್ಬನಿಗೆ ಇನ್ನೂ ಜೋರು ಆಗಿತ್ತು. ಪಾರ್ಟಿಯಲ್ಲಿ ಗಟ್ಟಿ ಕುಡಿದು ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನ ಮೇಲೆ ತೋಳು ನೇತುಹಾಕಿ ಮಲಗಿಬಿಟ್ಟ. ಬೆಳಿಗ್ಗೆ ಎದ್ದರೆ ಮಣಿಕಟ್ಟು ಎತ್ತಲಾಗದೆ ಕೈ ಜೋತುಬಿದ್ದಿದೆ. ಲಕ್ವಾ ಅಂತ ಮನೆಯಲ್ಲೆಲ್ಲ ಅಳು. ಅದೂ ನರವೇನಾ?

ಫಿಸಿಯೋ ಧಾರವಾಡ
ಹೌದು, ಅದು ರೇಡಿಯಲ್ ನರ. ತೋಳಿನ ಮೂಳೆಯ ಹಿಂದೆ ಸುತ್ತಿ ಬರುತ್ತದೆ, ಅಲ್ಲಿ ಗಂಟೆಗಟ್ಟಲೆ ಒತ್ತಿದರೆ ಮಣಿಕಟ್ಟು ಮತ್ತು ಬೆರಳು ಎತ್ತುವ ಶಕ್ತಿ ಹೋಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಶನಿವಾರ ರಾತ್ರಿಯ ಹೆಸರೇ ಇಟ್ಟಿದ್ದಾರೆ. ಎಚ್ಚರ ಇದ್ದವನು ಜೋಮು ಬಂದ ತಕ್ಷಣ ಕೈ ಸರಿಸುತ್ತಾನೆ. ಕುಡಿದವನಿಗೆ, ನಿದ್ದೆ ಮಾತ್ರೆ ನುಂಗಿದವನಿಗೆ ಆ ಎಚ್ಚರಿಕೆ ತಲುಪುವುದಿಲ್ಲ. ಬಹುತೇಕ ವಾರಗಳಿಂದ ಕೆಲವು ತಿಂಗಳಲ್ಲಿ ವಾಪಸ್ ಬರುತ್ತದೆ, ಅಲ್ಲಿವರೆಗೆ ಮಣಿಕಟ್ಟಿಗೆ ಸ್ಪ್ಲಿಂಟ್ ಬೇಕು. ಕೈ ಜೋತುಬಿದ್ದಾಗ ಮನೆಯಲ್ಲೇ ನರ ಅಂತ ತೀರ್ಮಾನ ಮಾಡಬೇಡಿ. ಮೊದಲು ಆಸ್ಪತ್ರೆಗೆ, ಲಕ್ವಾ ಅಲ್ಲ ಅಂತ ಅವರು ಹೇಳಲಿ.

ನಿಮ್ಮ ಬುಲೆಟ್ ಜುಮ್ ಅನ್ನುವುದು ಹ್ಯಾಂಡಲ್ ಬಿಗಿಯಾಗಿ ಹಿಡಿಯುವುದರಿಂದ ಮತ್ತು ನಡುಕದಿಂದ. ಗ್ಲೌಸ್ ಹಾಕಿ, ಹಿಡಿತ ಸಡಿಲ ಮಾಡಿ, ಚಹಾಕ್ಕೆ ಜಾಸ್ತಿ ನಿಲ್ಲಿಸಿ. ಸೈಕಲ್ ತುಳಿಯುವವರಿಗೆ ಅಂಗೈ ಬುಡದಲ್ಲಿ, ಕಿರುಬೆರಳಿನ ಕಡೆ, ಅಲ್ನಾರ್ ನರ ಒತ್ತುತ್ತದೆ. ಅವರಿಗೆ ಕೈಯ ಹಿಂಭಾಗದಲ್ಲಿ ಸ್ಪರ್ಶ ಸರಿ ಇರುತ್ತದೆ. ಹಿಂಭಾಗಕ್ಕೆ ಹೋಗುವ ಕವಲು ಮಣಿಕಟ್ಟಿಗೂ ಮೊದಲೇ ಬೇರೆಯಾಗಿರುತ್ತದೆ, ಅದಕ್ಕೆ. ಮೊಣಕೈಯಲ್ಲಿ ಒತ್ತಿದ್ದರೆ ಹಿಂಭಾಗವೂ ಮಂಕಾಗುತ್ತದೆ.

ತೋಟದ ಮನೆ, ತೀರ್ಥಹಳ್ಳಿ
ನಡುಗುವ ಯಂತ್ರ ಅಂದಿರಲ್ಲ. ನಮ್ಮ ಕಡೆ ಎಲ್ಲರ ಕೈಯಲ್ಲೂ ಈಗ ಕಳೆ ಕೊಚ್ಚುವ ಮಿಷನ್. ಮಳೆಗಾಲ ಮುಗಿದ ಮೇಲೆ ದಿನಕ್ಕೆ ಆರು ಏಳು ಗಂಟೆ ಓಡಿಸುವ ಹುಡುಗರಿದ್ದಾರೆ. ಸಂಜೆ ಚಹಾ ಲೋಟ ಹಿಡಿದರೆ ಕೈ ಇನ್ನೂ ನಡುಗುತ್ತಿರುತ್ತದೆ. ನಾನು ಕೇಳಿದರೆ "ಅದೆಲ್ಲ ಅಭ್ಯಾಸ ಭಾವ" ಅಂತಾರೆ.

ಅಡಿಕೆ ಸುಲಿಯುವ ಹೆಂಗಸರದ್ದು ಇನ್ನೊಂದು. ಮೆಟ್ಟುಗತ್ತಿ ಮುಂದೆ ಕೂತು, ಕಾಯಿ ಒತ್ತಿ ತಿರುಗಿಸಿ ಎಳೆಯುವುದು. ಮಣಿಕಟ್ಟಿಗೆ ಬಿಡುವೇ ಇಲ್ಲ. ಕೆಜಿ ಲೆಕ್ಕದ ಕೂಲಿ, ಹಾಗಾಗಿ ಯಾರೂ ಏಳುವುದಿಲ್ಲ. ಸುಗ್ಗಿ ಮುಗಿಯುವ ಹೊತ್ತಿಗೆ ಅರ್ಧ ಜನ ಕೈಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡಿರುತ್ತಾರೆ. ಈಗ ಸುಲಿಯುವ ಮಿಷನ್ ಬಂದು ಸ್ವಲ್ಪ ಕಡಿಮೆ ಆಗಿದೆ. ಅಭ್ಯಾಸಗಳು ಅಂತ ಶೀರ್ಷಿಕೆ ಹಾಕಿ ಎಲ್ಲರೂ ಮೊಬೈಲು, ಸಿಗರೇಟು ಅಂತೀರಿ. ಇವರದ್ದು ಅಭ್ಯಾಸ ಅನ್ನುವುದೋ ಹೊಟ್ಟೆಪಾಡು ಅನ್ನುವುದೋ?

ಬಂಟ್ವಾಳದ ಮಗಳು
ತೀರ್ಥಹಳ್ಳಿ ಅಣ್ಣ ಹೇಳಿದ್ದು ಸರಿ. ನನ್ನ ಅಮ್ಮ ಬೀಡಿ ಕಟ್ಟಿಯೇ ನಮ್ಮನ್ನು ಓದಿಸಿದ್ದು. ಎಲೆ ಕತ್ತರಿಸುವುದು, ಸುರುಳಿ ಸುತ್ತುವುದು, ತುದಿ ಮಡಚುವುದು, ಎಲ್ಲ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳಿನ ಕೆಲಸ. ಸಾವಿರದ ಲೆಕ್ಕದಲ್ಲಿ ಹಣ. ಬೀಡಿ ಕಂಪನಿಯ ಬ್ರಾಂಚಿಗೆ ಕೊಡುವ ದಿನ ಅಂದರೆ ರಾತ್ರಿ ಹನ್ನೊಂದು ದಾಟುತ್ತಿತ್ತು. ಈಗ 60 ದಾಟಿದೆ. ಬಲಗೈ ಹೆಬ್ಬೆರಳಿನ ಬುಡದ ಮಾಂಸ ತಗ್ಗಾಗಿದೆ. ನೋವು ಮೊದಲಿಗಿಂತ ಕಡಿಮೆ, ಅದಕ್ಕೆ "ಗುಣ ಆಯಿತು ಮಗಾ" ಅಂತಾರೆ. ಹೋದ ತಿಂಗಳು ಕಾವಲಿ ತಾಗಿ ಬೆರಳು ಸುಟ್ಟದ್ದು ಅವರಿಗೆ ತಿಳಿದೇ ಇಲ್ಲ. ನಾನು ಬೊಕ್ಕೆ ನೋಡಿ ಹೇಳಿದ್ದು.

ನನಗೂ ಒಂದು ಪ್ರಶ್ನೆ ಇದೆ. ಏಳು ತಿಂಗಳ ಗರ್ಭಿಣಿ, ರಾತ್ರಿ ಎರಡೂ ಕೈ ಜೋಮು. ಥೈರಾಯ್ಡ್ ಮಾತ್ರೆ ಮೊದಲಿನಿಂದ ಇದೆ.

ಮೆಡಿಸಿನ್ ಪಿಜಿ
ಅಕ್ಕ, ಮೊದಲು ಅಮ್ಮನ ವಿಷಯ. ನೋವು ಕಡಿಮೆ ಆಗಿ, ಮಾಂಸ ತಗ್ಗಾಗಿ, ಸುಟ್ಟದ್ದೂ ತಿಳಿಯದಿದ್ದರೆ ಅದು ಗುಣ ಅಲ್ಲ. ನರ ಸುದ್ದಿ ಕಳಿಸುವುದನ್ನೇ ನಿಲ್ಲಿಸುತ್ತಿದೆ ಅಂತ ಅರ್ಥ. ಇದನ್ನು ಮುಂದೂಡಬೇಡಿ. ಮೂಳೆ ಡಾಕ್ಟರ್ ಅಥವಾ ನರರೋಗ ಡಾಕ್ಟರ್ ಹತ್ತಿರ ತೋರಿಸಿ, ನರದ ವೇಗ ಅಳೆಯುವ ಎನ್‌ಸಿಎಸ್ ಪರೀಕ್ಷೆ ಮಾಡಿಸುತ್ತಾರೆ. ಮಣಿಕಟ್ಟಿನ ಮೇಲಿನ ಪಟ್ಟಿಯನ್ನು ಸೀಳಿ ನರಕ್ಕೆ ಜಾಗ ಮಾಡುವ ಆಪರೇಷನ್ ಚಿಕ್ಕದು. ಬಹಳ ಸಲ ಆ ಜಾಗಕ್ಕಷ್ಟೇ ಅರಿವಳಿಕೆ ಸಾಕು, ಅವತ್ತೇ ಮನೆಗೆ. ಆದರೆ ಹೋದ ಮಾಂಸ ಪೂರ್ತಿ ವಾಪಸ್ ಬರುತ್ತದೆ ಅಂತ ಭರವಸೆ ಕೊಡಲಾರೆ. ಇನ್ನಷ್ಟು ಹೋಗದಂತೆ ತಡೆಯಬಹುದು. ಅಲ್ಲಿವರೆಗೆ ಒಲೆಯ ಹತ್ತಿರ ಎಡಗೈ ಬಳಸಲಿ, ಬಟ್ಟೆ ಹಿಡಿದೇ ಪಾತ್ರೆ ಇಳಿಸಲಿ.

ನಿಮ್ಮದು ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳಲ್ಲಿ ಬಹಳ ಸಾಮಾನ್ಯ. ಬಹುತೇಕರಿಗೆ ಹೆರಿಗೆ ಆದ ಮೇಲೆ ತಗ್ಗುತ್ತದೆ. ರಾತ್ರಿ ಸ್ಪ್ಲಿಂಟ್ ಸಾಕು. ಥೈರಾಯ್ಡ್ ಡೋಸ್ ಗರ್ಭಿಣಿ ಇರುವಾಗ ಏರಿಸಬೇಕಾಗಬಹುದು, ನಿಮ್ಮ ಡಾಕ್ಟರ್ ಹತ್ತಿರ ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಮತ್ತೆ ನೋಡಲು ಹೇಳಿ. ಇದರ ಜೊತೆ ತಲೆನೋವು, ಕಣ್ಣು ಮಂಜು, ಮುಖ ಕೈ ಊತ ಬಂದರೆ ಅದೇ ದಿನ ಬಿಪಿ ನೋಡಿಸಿ. ಅದು ಕೈಯ ವಿಷಯ ಅಲ್ಲ.

ತೀರ್ಥಹಳ್ಳಿ ಅಣ್ಣ, ಹೊಟ್ಟೆಪಾಡು ಅಂತಲೇ ಅನ್ನಿ. ಆದರೆ ಮಿಷನ್ ಓಡಿಸುವ ಹುಡುಗರಿಗೆ ಸರದಿ ಮಾಡಿ ಕೊಡುವುದು ತೋಟದ ಯಜಮಾನನ ಕೈಯಲ್ಲಿದೆ. ಬ್ಲೇಡ್ ಹರಿತ ಇರಲಿ, ಸಡಿಲವಾದ ಬೋಲ್ಟ್ ಬಿಗಿ ಇರಲಿ, ಹಿಡಿಕೆಯ ರಬ್ಬರ್ ಹೋಗಿದ್ದರೆ ಹಾಕಿಸಿ. ಚಳಿಯಲ್ಲಿ ಬೆರಳ ತುದಿ ಬಿಳಿಚಿಕೊಳ್ಳುತ್ತದೆ ಅಂತ ಯಾರಾದರೂ ಹೇಳಿದರೆ ಅವರನ್ನು ಆ ಕೆಲಸದಿಂದ ಬಿಡಿಸಿ. ನಡುಕ ರಕ್ತನಾಳವನ್ನೂ ಕೆಡಿಸುತ್ತದೆ.

ಹಳೇ ಪದ್ಧತಿ
ಇಷ್ಟೆಲ್ಲ ಯಾಕೆ? ನಮ್ಮ ಊರಲ್ಲಿ ಒಬ್ಬರು ನರ ಕೂರಿಸುತ್ತಾರೆ. ಬಿಸಿ ಎಣ್ಣೆ ಹಾಕಿ ಮೊಣಕೈ ಹಿಂದೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ಉಜ್ಜಿದರೆ ಮೂರು ಸಲಕ್ಕೆ ಗುಣ. ಇಂಗ್ಲಿಷ್ ಡಾಕ್ಟರುಗಳಿಗೆ ಕತ್ತರಿ ಒಂದೇ ಗೊತ್ತು.

ಫಿಸಿಯೋ ಧಾರವಾಡ
ಹಳೇ ಪದ್ಧತಿಯವರೇ, ಎಣ್ಣೆಗೆ ನಾನು ವಿರೋಧಿ ಅಲ್ಲ. ಭುಜ, ಕುತ್ತಿಗೆಯ ಬಿಗಿತಕ್ಕೆ ಮಾಲೀಶು ಹಿತ. ಆದರೆ ಮೊಣಕೈ ಹಿಂದಿನ ಆ ಕಾಲುವೆಯಲ್ಲಿ ನರ ಒತ್ತಡದಿಂದಲೇ ನಲುಗಿದೆ, ಅಲ್ಲಿ ಹೆಬ್ಬೆರಳಿಂದ ಉಜ್ಜಿದರೆ ಇನ್ನೂ ಕೆಡುತ್ತದೆ. ಇಂಥವರು ಉಜ್ಜಿಸಿಕೊಂಡು ಬಂದು ನನ್ನ ಮುಂದೆ ಕೂರುತ್ತಾರೆ, ಹಾಗಾಗಿ ಹೇಳುತ್ತಿದ್ದೇನೆ. ಬಿಸಿಯೂ ಎಚ್ಚರ. ಸ್ಪರ್ಶ ಹೋದ ಚರ್ಮಕ್ಕೆ ಸುಡುವುದು ತಿಳಿಯುವುದಿಲ್ಲ, ಮೇಲೆ ಬಂಟ್ವಾಳದ ಅಮ್ಮನ ಬೆರಳು ನೋಡಿ.

ಕತ್ತರಿ ಒಂದೇ ಅನ್ನುವುದೂ ಸರಿಯಲ್ಲ. ಆರಂಭದಲ್ಲಿ ಬರುವ ಅನೇಕರಿಗೆ ಅಭ್ಯಾಸ ಬದಲಿಸಿ, ರಾತ್ರಿ ಸ್ಪ್ಲಿಂಟ್ ಹಾಕಿಯೇ ತಗ್ಗುತ್ತದೆ.

ಹಳೇ ಪದ್ಧತಿ
ಸರಿ, ನೀವು ಕಲಿತವರು.

ಕೆಂಪು ಮಣ್ಣು ಕೋಲಾರ
ಸಸ್ಯಾಹಾರಿ ಆಗಿದ್ದರೆ ಬಿ12 ಕಡಿಮೆ ಆಗಿ ಜೋಮು ಬರುತ್ತದಂತಲ್ಲ? ನಮ್ಮ ಮನೆಯಲ್ಲಿ ಎಲ್ಲರಿಗೂ ಕಡಿಮೆ. ಹಾಗಾಗಿ ಎಲ್ಲರೂ ಬಿ ಕಾಂಪ್ಲೆಕ್ಸ್ ನುಂಗುತ್ತೇವೆ, ವರ್ಷಗಳಿಂದ.

ಮೆಡಿಸಿನ್ ಪಿಜಿ
ಬಿ12 ಕೊರತೆ ನಿಜ. ಮಾಂಸ, ಮೀನು, ಮೊಟ್ಟೆ, ಹಾಲು ಮೊಸರಿನಲ್ಲಿ ಬಿಟ್ಟರೆ ಅದು ಸಿಗುವುದು ಕಷ್ಟ. ಶುಗರಿಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಿನ್ನುವವರಲ್ಲೂ ತಗ್ಗುತ್ತದೆ (ಟೈಲರ್ ಅಣ್ಣ, ನೀವು ಇದನ್ನು ತಿನ್ನುತ್ತಿದ್ದರೆ ಒಮ್ಮೆ ನೋಡಿಸಿ). ಆದರೆ ಬಿ12 ಕೊರತೆಯ ಜೋಮು ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ, ಹೆಚ್ಚಾಗಿ ಪಾದದಿಂದ ಬರುತ್ತದೆ. ಕುಡಿತದಿಂದ ಬರುವುದೂ, ಶುಗರ್‌ನಿಂದ ಬರುವುದೂ ಹಾಗೆಯೇ ಕಾಲಿನಿಂದ ಶುರು. ಒಂದೇ ಕೈಯ ಎರಡು ಬೆರಳಿಗೆ ಬಿ12 ಮೇಲೆ ತಪ್ಪು ಹೊರಿಸುವುದು ಅಷ್ಟು ಸರಿ ಹೊಂದುವುದಿಲ್ಲ.

ಇನ್ನು ನಿಮ್ಮ ಮಾತ್ರೆ. ಸ್ಟ್ರಿಪ್ ತಿರುಗಿಸಿ ಬಿ6, ಅಂದರೆ ಪಿರಿಡಾಕ್ಸಿನ್, ಎಷ್ಟಿದೆ ನೋಡಿ. ಬಿ6 ಅತಿಯಾದರೆ ಅದೇ ನರ ಕೆಡಿಸುತ್ತದೆ, ಅದೇ ಜೋಮು ತರುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನಕ್ಕೆ 12 ಮಿಲಿಗ್ರಾಂ ಮೇಲ್ಮಿತಿ ಇಟ್ಟಿದೆ. ಅದಕ್ಕಿಂತ ಹಲವು ಪಟ್ಟು ಇರುವ ಮಾತ್ರೆಗಳು ಮಾರ್ಕೆಟ್ಟಿನಲ್ಲಿವೆ. ಜೋಮಿಗೆ ಅಂತ ನುಂಗಿ, ಜೋಮು ಹೋಗಲಿಲ್ಲ ಅಂತ ಮತ್ತಷ್ಟು ನುಂಗುವುದು ನಾನು ಕಂಡ ಅತಿ ಕೆಟ್ಟ ಅಭ್ಯಾಸ. ರಕ್ತದಲ್ಲಿ ಬಿ12 ನೋಡಿಸಿ, ಕಡಿಮೆ ಇದ್ದರೆ ಬರೀ ಬಿ12 ತೆಗೆದುಕೊಳ್ಳಿ.

ವೇದಿಕೆ ನಿರ್ವಾಹಕ
ಮಾತ್ರೆ ಹೆಸರು, ಡೋಸ್ ಬರೆದ ಮೂರು ಪ್ರತಿಕ್ರಿಯೆ ತೆಗೆದಿದ್ದೇನೆ. ಗಬಾಪೆಂಟಿನ್, ಸ್ಟಿರಾಯ್ಡ್ ಯಾರೂ ಇಲ್ಲಿ ಬರೆದುಕೊಡಬೇಡಿ. ಚರ್ಚೆ ಮುಂದುವರಿಯಲಿ.

ಕಲಬುರಗಿ ಮೇಷ್ಟ್ರು
ನಮ್ಮ ಶಾಲೆಯ ಅಡುಗೆಯವರೊಬ್ಬರ ಎಡಗೈ ಕಿರುಬೆರಳು, ಉಂಗುರ ಬೆರಳು ಮಡಚಿಕೊಂಡೇ ಇವೆ. ಮುಂಗೈ ಮೇಲೆ ಸ್ವಲ್ಪ ಬಿಳಿಚಿದ ಮಚ್ಚೆ ಇದೆ. ಮೈದಾಹಿಟ್ಟು ನಾದಿ ನಾದಿ ಹೀಗಾಯಿತು ಅನ್ನುತ್ತಾರೆ. ಇದೂ ಅಲ್ನಾರ್ ನರವೇ?

ಮೆಡಿಸಿನ್ ಪಿಜಿ
ಮೇಷ್ಟ್ರೇ, ಕೇಳಿದ್ದು ಬಹಳ ಒಳ್ಳೆಯದಾಯಿತು. ಅಲ್ನಾರ್ ನರವೇ ಇರಬಹುದು, ಆದರೆ ನಾದುವುದಕ್ಕೂ ಇದಕ್ಕೂ ಸಂಬಂಧ ಇಲ್ಲದಿರಬಹುದು. ಮಚ್ಚೆಯ ಮೇಲೆ ಹತ್ತಿಯಿಂದ ಸವರಿದರೆ ಅವರಿಗೆ ತಿಳಿಯುತ್ತದೆಯಾ? ತಿಳಿಯದಿದ್ದರೆ ಕುಷ್ಠರೋಗ ಇದೆಯಾ ಅಂತ ನೋಡಲೇಬೇಕು. ಆ ರೋಗ ತುಂಬಾ ಇಷ್ಟಪಟ್ಟು ಹಿಡಿಯುವ ನರಗಳಲ್ಲಿ ಮೊಣಕೈ ಹತ್ತಿರದ ಅಲ್ನಾರ್ ಒಂದು. ನರ ಹಗ್ಗದಂತೆ ದಪ್ಪಗಾಗಿ ಕೈಗೆ ಸಿಗುತ್ತದೆ. ಭಾರತದಲ್ಲಿ ನಿರ್ಮೂಲನೆಯ ಮಟ್ಟ ಮುಟ್ಟಿದ್ದೇವೆ ಅಂತ 2005ರ ಕೊನೆಗೆ ಘೋಷಣೆ ಆಯಿತು. ರೋಗ ಮಾತ್ರ ಪೂರ್ತಿ ಹೋಗಿಲ್ಲ, ಪ್ರತಿ ವರ್ಷ ಹೊಸಬರು ಸಿಗುತ್ತಲೇ ಇದ್ದಾರೆ.

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಔಷಧಿ ಉಚಿತ, ಆರು ತಿಂಗಳು ಅಥವಾ ಒಂದು ವರ್ಷ. ಔಷಧಿ ಶುರುವಾದ ಮೇಲೆ ಬೇರೆಯವರಿಗೆ ಅಂಟುವ ಭಯ ಬೇಗ ಹೋಗುತ್ತದೆ. ಶಾಲೆಯಲ್ಲಿ ಗುಲ್ಲು ಮಾಡಬೇಡಿ, ಕೆಲಸದಿಂದ ತೆಗೆಯುವ ಮಾತೂ ಬೇಡ. ಅವರೊಬ್ಬರನ್ನೇ ಕರೆದು ಹೇಳಿ.

ಕಲಬುರಗಿ ಮೇಷ್ಟ್ರು
ಖಂಡಿತ. ನಾನೇ ಜೊತೆಗೆ ಹೋಗುತ್ತೇನೆ.

ಜಾವಾ ಜಂಗಮ
ಬಾಡಿಗೆದಾರ ಎಲ್ಲಿ ಹೋದ? ಎನ್‌ಸಿಎಸ್ ಮಾಡಿಸಿದೆಯಾ?

ಕೋರಮಂಗಲ ಬಾಡಿಗೆದಾರ
ಇಲ್ಲೇ ಇದ್ದೇನೆ. ಮಾಡಿಸಿದೆ. ಸಣ್ಣ ಸಣ್ಣ ಶಾಕ್ ಕೊಟ್ಟು ಅಳೆಯುತ್ತಾರೆ, ಹಿತ ಅಂತೇನೂ ಹೇಳಲಾರೆ, ತಡೆಯಬಹುದು. ಮೊಣಕೈ ದಾಟುವಾಗ ಅಲ್ನಾರ್ ನರದ ವೇಗ ತಗ್ಗಿದೆ, ಶಕ್ತಿ ಇನ್ನೂ ಹೋಗಿಲ್ಲ ಅಂದರು. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 5.9 ಬಂದಿದೆ. ಡಾಕ್ಟರ್ ಸಕ್ಕರೆ ಕಾಯಿಲೆಯ ಹೊಸ್ತಿಲು ಅಂದರು. 58 ಕೆಜಿ ತೂಕದವನಿಗೆ ಶುಗರ್ ಬರಲ್ಲ ಅಂದುಕೊಂಡಿದ್ದೆ. ಟವೆಲ್ ಸುತ್ತಿ ಮಲಗುತ್ತಿದ್ದೇನೆ, ಬೆಳಗಿನ ಜೋಮು ಕಡಿಮೆ. ಸಿಗರೇಟಿನ ಬಗ್ಗೆ ಈಗಲೇ ಏನೂ ಬರೆಯಲ್ಲ.

ಒಂದು ಪ್ರಶ್ನೆ. ಎಷ್ಟು ದಿನಕ್ಕೆ ಪೂರ್ತಿ ಸರಿಹೋಗಬಹುದು? ಯೂಟ್ಯೂಬ್‌ನಲ್ಲಿ ನರ ಜಾರಿಸುವ ವ್ಯಾಯಾಮ ಅಂತ ತೋರಿಸುತ್ತಾರೆ, ಮಾಡಲಾ?

ಫಿಸಿಯೋ ಧಾರವಾಡ
ನರದ ಹೊದಿಕೆಗೆ ಮಾತ್ರ ಪೆಟ್ಟಾಗಿದ್ದರೆ ವಾರಗಳಿಂದ ಕೆಲವು ತಿಂಗಳಲ್ಲಿ ಚೇತರಿಕೆ. ಒಳಗಿನ ತಂತು ಸತ್ತಿದ್ದರೆ ಅದು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈಯಿಂದ ಬೆರಳಿಗೆ ದೂರ ಲೆಕ್ಕ ಹಾಕಿ, ವರ್ಷ ಹಿಡಿಯಬಹುದು. ನಿಮಗೆ ಶಕ್ತಿ ಇದೆ ಅಂದರಲ್ಲ, ಒಳ್ಳೆಯ ಸುದ್ದಿ.

ಅದನ್ನು ನೀವೇ ಗಮನಿಸುತ್ತಾ ಇರಿ. ಒಂದು ಹಾಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ನೇರವಾಗಿ ಹಿಡಿದು ಇನ್ನೊಬ್ಬರಿಗೆ ಎಳೆಯಲು ಹೇಳಿ. ಹಾಳೆ ಉಳಿಸಿಕೊಳ್ಳಲು ಹೆಬ್ಬೆರಳಿನ ತುದಿ ಮಡಚಿಕೊಂಡರೆ ಶಕ್ತಿ ತಗ್ಗುತ್ತಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಉಬ್ಬು ಕೈಯ ಹಿಂಭಾಗದಲ್ಲಿ ಗುಳಿ ಬಿದ್ದರೂ ಅಷ್ಟೆ. ಗುಂಡಿ ಹಾಕಲು, ಬೀಗ ತಿರುಗಿಸಲು ತಡವರಿಸಿದರೂ ಅಷ್ಟೆ. ಆಗ ಕಾಯಬೇಡಿ, ಸರ್ಜನ್ ಹತ್ತಿರ ಹೋಗಿ.

ನರ ಜಾರಿಸುವ ವ್ಯಾಯಾಮ ಒಬ್ಬರ ಹತ್ತಿರ ಕಲಿತು ಮಾಡಿ. ವಿಡಿಯೋ ನೋಡಿ ಜೋರಾಗಿ ಎಳೆದರೆ ಜೋಮು ಹೆಚ್ಚುತ್ತದೆ. ಮಾಡುವಾಗ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಬೇಕು.

ಟೈಲರ್ ದಾವಣಗೆರೆ
ಬಾಡಿಗೆದಾರರೇ, ಟವೆಲ್ ರಾತ್ರಿ ಬಿಚ್ಚಿಹೋಗುತ್ತದೆ ಅಲ್ವಾ? ಹಳೇ ಕಾಟನ್ ಸಾಕ್ಸ್ ತುದಿ ಕತ್ತರಿಸಿ ತೋಳಿಗೆ ಏರಿಸಿ, ಒಳಗೆ ಒಂದು ಸ್ಪಂಜಿನ ತುಂಡು. ರಾತ್ರಿ ಸ್ಪಂಜು ಮೊಣಕೈ ಮಡಿಕೆ ಕಡೆ ಇರಲಿ, ಹಗಲು ಕೂತಾಗ ಹಿಂದಕ್ಕೆ ತಿರುಗಿಸಿಕೊಳ್ಳಿ. ಎಲಾಸ್ಟಿಕ್ ಬಿಗಿ ಇದ್ದರೆ ಬಿಚ್ಚಿ ಸಡಿಲ ಹೊಲಿಗೆ ಹಾಕಿ. ನಮ್ಮ ಹುಡುಗನ ಕೈಲಿ ಒಂದು ಮಾದರಿ ಹೊಲಿಸಿದ್ದೇನೆ, ಫೋಟೋ ಸಂಜೆ ಹಾಕುತ್ತೇನೆ. ನನಗೆ ಗುರುವಾರ ಡಾಕ್ಟರ್ ಟೈಮ್ ಕೊಟ್ಟಿದ್ದಾರೆ.

ಬಂಟ್ವಾಳದ ಮಗಳು
ಟೈಲರ್ ಅಣ್ಣ, ಎರಡು ಅಳತೆ ಕೊಡಿ, ದಪ್ಪ ತೋಳಿಗೆ ಒಂದು, ಸಣ್ಣದಕ್ಕೆ ಒಂದು. ಅಮ್ಮನನ್ನು ಕರೆದುಕೊಂಡು ಹೋಗಲು ತಮ್ಮ ರಜೆ ಹಾಕಿದ್ದಾನೆ. ಅವರು ಹೊರಡುವ ಮೊದಲು ಕೈಯಲ್ಲಿರುವ ಎಲೆ ಮುಗಿಸಿಯೇ ಬರುತ್ತೇನೆ ಅಂತ ಹಟ ಹಿಡಿದಿದ್ದಾರೆ. ತಮ್ಮ ಎಲೆ ಕಟ್ಟನ್ನೇ ಬ್ರಾಂಚಿಗೆ ವಾಪಸ್ ಕೊಟ್ಟು ಬಂದ.